ಒಂದು ದಿನ ತಡವಾದ ವರ್ಷ

ಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಅವಳ ಕೆಲಸ ಒಂದೇ: ದಿನದ ಪತ್ರಿಕೆಯಿಂದ ಮುಖ್ಯ ಸುದ್ದಿ ಕತ್ತರಿಸುವುದು, ಹಿಂಬದಿಯಲ್ಲಿ ಪತ್ರಿಕೆಯ ತಾರೀಖು ಬರೆಯುವುದು, ಲಕೋಟೆಗೆ ಹಾಕಿಡುವುದು. ಡಿಸೆಂಬರ್ ಬಂತೆಂದರೆ ಆ ಲಕೋಟೆಗಳನ್ನು ಬಿಚ್ಚಿ, ವರ್ಷವಿಡೀ ದೇಶದಲ್ಲಿ ನಡೆದದ್ದರಲ್ಲಿ ಮೂವತ್ತು ಘಟನೆ ಆರಿಸಿ, ಒಂದೊಂದಕ್ಕೆ ಒಂದು ಸಾಲು ಬರೆದುಕೊಡಬೇಕು. ವರ್ಷದ ಕೊನೆಯ ದಿನ ಅದು ಇಡೀ ಪುಟವಾಗಿ ಬರುತ್ತಿತ್ತು. ಮೇಷ್ಟ್ರುಗಳು ಅದನ್ನು ಶಾಲೆಯ ಗೋಡೆಗೆ ಅಂಟಿಸುತ್ತಿದ್ದರು.

ಆ ವರ್ಷ ಘಟನೆಗಳಿಗೇನೂ ಬರವಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಚುನಾವಣೆ ನಡೆಯಿತು. ಅಲ್ಲಿಯವರೆಗೆ ದೇಶ ಆಳುತ್ತಿದ್ದ ಸೇನಾಧಿಕಾರಿಗಳು ಗಂಟುಮೂಟೆ ಕಟ್ಟಿ ಬಂಗಲೆ ಖಾಲಿ ಮಾಡಿದರು. ದೇಶದ ದೊಡ್ಡ ನ್ಯಾಯಾಲಯದಲ್ಲಿ ಮೊದಲ ಬಾರಿ ಒಬ್ಬ ಹೆಂಗಸು ನ್ಯಾಯಾಧೀಶೆಯಾಗಿ ಕುಳಿತಳು. ಮಾರ್ಚ್‌ನಲ್ಲಿ ನದಿ ದಾಟಿಸುವ ಲಾಂಚು ಮುಳುಗಿ ಒಂಬತ್ತು ಜನ ಸತ್ತರು. ಅವರಲ್ಲಿ ಒಬ್ಬ, ಅದರ ಎಂಜಿನ್ ನೋಡಿಕೊಳ್ಳುತ್ತಿದ್ದವನು, ಕತ್ತರಿ ಅಕ್ಕನ ಒಡಹುಟ್ಟಿದ ತಮ್ಮ.

ಹತ್ತು ದಿನ ಬಿಟ್ಟು ಅವಳು ಕೆಲಸಕ್ಕೆ ಬಂದಾಗ ಹತ್ತು ದಿನದ ಪತ್ರಿಕೆಗಳೂ ಮೇಜಿನ ಮೇಲೆ ಹಾಗೇ ಕಾದಿದ್ದವು. ತಮ್ಮನ ಸುದ್ದಿಯನ್ನೂ ಉಳಿದವುಗಳಂತೆಯೇ ಕತ್ತರಿಸಿ, ತಾರೀಖು ಬರೆದು, ಲಕೋಟೆಗೆ ಹಾಕಿದಳು. ಅಳು ಬರಲಿಲ್ಲವಲ್ಲ ಎಂದು ಅವಳಿಗೇ ತನ್ನ ಮೇಲೆ ಬೇಸರವಾಯಿತು.

ಡಿಸೆಂಬರ್‌ನಲ್ಲಿ ವರ್ಷದ ಪುಟದ ಕರಡು ಸಿದ್ಧವಾದಾಗ ಅದನ್ನು ಮನೆಗೆ ತಂದು ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕ ಹಾಕಿಕೊಂಡು, ಚುನಾವಣೆಯನ್ನೂ ನ್ಯಾಯಾಲಯವನ್ನೂ ದಾಟಿ, ನೇರ ಮಗನ ಸಾಲಿಗೆ ಬೆರಳಿಟ್ಟರು.

"ಮಾರ್ಚ್ ಹದಿನೈದು ಅಂತಿದೆಯಲ್ಲ," ಎಂದರು. "ಹದಿನೈದಕ್ಕೆ ಅವನನ್ನ ಇದೇ ಕೋಣೇಲಿ ಮಲಗಿಸಿದ್ರು. ಹೋಗಿದ್ದು ಹದಿನಾಲ್ಕಕ್ಕೆ. ಅವತ್ತು ಬೆಳಗ್ಗೆ ಅಡುಗೆಮನೆ ನಲ್ಲಿ ರಿಪೇರಿ ಮಾಡಿ ಹೋದ. ಸ್ವಂತ ತಮ್ಮಂದು, ನೀನೂ ಪೇಪರ್ ನೋಡೇ ತಿಳ್ಕೊಂಡ್ಯಾ?"

ಅಮ್ಮ ಬೈದಿರಲಿಲ್ಲ, ಕೇಳಿದ್ದರು ಅಷ್ಟೇ. ಆದರೂ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಆ ಬೆಳಗ್ಗೆ ಅವನು ನಲ್ಲಿಯ ಹತ್ತಿರ ಕೂತು ಏನೋ ತಮಾಷೆ ಮಾಡುತ್ತಿದ್ದ. ಇವಳು ಆಫೀಸಿಗೆ ತಡವಾಯಿತೆಂದು ತಿರುಗಿಯೂ ನೋಡದೆ ಹೊರಟಿದ್ದಳು. ಹದಿನಾಲ್ಕು ಎಂಬ ದಿನವನ್ನು ನೆನೆಯಬಾರದೆಂದೇ ಒಂಬತ್ತು ತಿಂಗಳು ತಳ್ಳಿದ್ದಳು.

ಹಾಸಿಗೆಗೆ ಹೋದ ಮೇಲೆ ಇನ್ನೊಂದು ಹೊಳೆಯಿತು. ಇವತ್ತು ನಡೆದದ್ದು ನಾಳೆಯ ಪತ್ರಿಕೆಯಲ್ಲಿ ಬರುತ್ತದೆ. ಅವಳು ಬರೆಯುವುದು ಪತ್ರಿಕೆಯ ತಾರೀಖು. ಅಂದರೆ ಇಪ್ಪತ್ತಾರು ವರ್ಷದಿಂದ ಇಡೀ ದೇಶ ಅವಳ ಪುಟದಲ್ಲಿ ಒಂದು ದಿನ ತಡವಾಗಿ ನಡೆಯುತ್ತಿತ್ತು. ಒಬ್ಬ ಓದುಗನೂ ಕಾಗದ ಬರೆದಿರಲಿಲ್ಲ. ಮೇಷ್ಟ್ರುಗಳಂತೂ ಕಣ್ಣುಮುಚ್ಚಿ ಅಂಟಿಸಿದ್ದರು.

ಬೆಳಗ್ಗೆ ಹೋಗಿ ಸುದ್ದಿ ಸಂಪಾದಕರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಒಳ್ಳೆಯವರೇ, ಆದರೆ ಕೆಲಸ ಹೆಚ್ಚುವುದೆಂದರೆ ಆಗದು. ತಮ್ಮನ ಸಾಲೊಂದನ್ನು ತಿದ್ದಿಬಿಡಿ ಅಕ್ಕಾ, ಉಳಿದದ್ದನ್ನು ಕೆದಕಬೇಡಿ ಎಂದರು.

"ಅದೂ ಯಾರದೋ ಮನೇದೇ ಅಲ್ವಾ ಸಾರ್," ಎಂದಳು. "ನಮ್ಮನೇದು ಒಂದೇ ಸರಿ ಮಾಡ್ಕೊಂಡ್ರೆ ಅಮ್ಮನಿಗೆ ಮುಖ ತೋರ್ಸೋಕಾಗಲ್ಲ."

ಸಂಜೆ ನಾಲ್ಕರವರೆಗೆ ಸಮಯ ಕೊಟ್ಟರು. ಅವಳು ಊಟ ಬಿಟ್ಟು ಮೂವತ್ತು ಸುದ್ದಿಗಳನ್ನೂ ಮತ್ತೆ ಓದಿ, ನಡೆದ ದಿನ ಹುಡುಕಿ ತಿದ್ದಿದಳು. ಎಲ್ಲವೂ ಒಂದೊಂದು ದಿನ ಹಿಂದೆ ಸರಿದವು. ಮೊದಲನೇ ಸಾಲು ಮಾತ್ರ ವರ್ಷದಿಂದಲೇ ಆಚೆ ಬಿತ್ತು. ಅದು ಹಿಂದಿನ ವರ್ಷದ ಕೊನೆಯ ದಿನ ನಡೆದು, ಜನವರಿ ಒಂದರ ಪತ್ರಿಕೆಯಲ್ಲಿ ಬಂದ ಹೊಸ ಸೇತುವೆಯ ಉದ್ಘಾಟನೆ. ಪತ್ರಿಕೆಯ ಮಾಲೀಕರು ಮಂತ್ರಿಯ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದ ಸೇತುವೆ. ಸಂಪಾದಕರು ತಲೆ ಕೆರೆದುಕೊಂಡು, ಮಾಲೀಕರಿಗೆ ಏನು ಹೇಳುವುದೋ ದೇವರೇ ಬಲ್ಲ ಎನ್ನುತ್ತಲೇ ಆ ಜಾಗಕ್ಕೆ ವರ್ಷದ ಮಳೆಯ ಪ್ರಮಾಣ ಹಾಕಿಸಿದರು. ಪುಟದ ಕೆಳಗೆ, ಹಿಂದಿನ ವರ್ಷಗಳ ತಾರೀಖುಗಳೂ ಒಂದು ದಿನ ತಪ್ಪಿವೆ, ಓದುಗರು ಕ್ಷಮಿಸಬೇಕು ಎಂಬ ಸಾಲನ್ನು ಅವಳೇ ಬರೆದಳು.

ವರ್ಷದ ಕೊನೆಯ ಬೆಳಗ್ಗೆ ಪತ್ರಿಕೆ ಬಂತು. ಅಮ್ಮ ಬೆರಳಿಟ್ಟು, "ಮಾರ್ಚ್ ಹದಿನಾಲ್ಕು," ಎಂದು ಗಟ್ಟಿಯಾಗಿ ಓದಿದರು.

"ಈಗ ಸರಿ ಹೋಯ್ತು," ಎಂದರು. "ಅವತ್ತು ನೀನು ಹೋದ ಮೇಲೆ ಏನಂದ ಗೊತ್ತಾ? ಅಕ್ಕ ಬಂದು ನೋಡ್ಲಿ, ಇನ್ನು ಹತ್ತು ವರ್ಷ ಇದು ಸೋರಲ್ಲ ಅಂದ."

ಅವಳು ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸಿ ಬಿಟ್ಟಳು, ಮತ್ತೆ ನಿಲ್ಲಿಸಿದಳು. ಒಂದು ಹನಿಯೂ ಬೀಳಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡೇ, ಒಂಬತ್ತು ತಿಂಗಳಲ್ಲಿ ಮೊದಲ ಸಲ, ಅಮ್ಮನಿಗೆ ಕೇಳಿಸುವ ಹಾಗೆ ಅತ್ತಳು.