ಹನ್ನೊಂದು ಅಂಗಡಿ, ಒಂದು ಚಿಲಕ

ಅಪ್ಪನ ಹನ್ನೊಂದು ಹಾರ್ಡ್‌ವೇರ್ ಅಂಗಡಿಗಳ ಬಗ್ಗೆ ಮಗಳು ಅಂತರ್ಜಾಲದ ವಿಶ್ವಕೋಶದಲ್ಲಿ ಬರೆದ ಲೇಖನವನ್ನು ಅಲ್ಲಿನ ಸಂಪಾದಕರು ಎರಡು ಸಲ ಕಿತ್ತುಹಾಕಿದ್ದರು. ಆಧಾರವೆಂದು ಅವಳು ಕೊಟ್ಟಿದ್ದು ಅಂಗಡಿಯದೇ ಕ್ಯಾಲೆಂಡರು, ಅಂಗಡಿಯದೇ ಜಾಹೀರಾತು. ಸಂಬಂಧವಿಲ್ಲದ ಹೊರಗಿನವರು ವಿವರವಾಗಿ ಬರೆದದ್ದೇ ಬೇಕೆಂಬುದು ಅವರ ಪಟ್ಟು. ಇವಳೂ ಅಪ್ಪನ ಮಗಳೇ. ವಾರವಿಡೀ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಧೂಳು ಕುಡಿದು, ಕೊನೆಗೊಂದು ಪುಟದ ನಕಲು ಹಿಡಿದು, ಪೇಂಟ್ ಡಬ್ಬಿಗಳ ನಡುವೆ ಕೂತಿದ್ದ ಅಪ್ಪನ ಮುಂದೆ ನಿಂತಳು.

ಪುಟದ ತುಂಬ ಬೈಗುಳ. ಇವರು ಮಾರಿದ ಬಾಗಿಲ ಚಿಲಕಗಳು ಒಂದೇ ವರ್ಷಕ್ಕೆ ತುಕ್ಕು ಹಿಡಿದವೆಂದು ವರದಿಗಾರನೊಬ್ಬ ಮನೆಮನೆ ಸುತ್ತಿ ಬರೆದಿದ್ದ.

"ನಾಲ್ಕು ಜನರ ಮುಂದೆ ನನ್ನ ಮಾನ ಹರಾಜು ಹಾಕ್ತೀಯೇನಮ್ಮ?"

"ಹೊಗಳಿದ್ದೆಲ್ಲ ನಾವೇ ಬರೆಸಿದ್ದು, ಅಪ್ಪ. ತಾನಾಗೇ ಕೂತು ನಮ್ಮ ಬಗ್ಗೆ ಬರೆದೋನು ಇವನೊಬ್ಬನೇ. ಇದನ್ನ ಹಾಕೇ ಹಾಕ್ತೀನಿ."

ಅಪ್ಪ ಕನ್ನಡಕ ಏರಿಸಿಕೊಂಡು ಮತ್ತೊಮ್ಮೆ ಓದಿದರು. ಹುಬ್ಬು ಗಂಟಿಕ್ಕಿತು.

"ವರ್ಷ ಎಲ್ಲಿ ಬಂತು? ಆರೇ ತಿಂಗಳಿಗೆ ತುಕ್ಕು ಹಿಡೀತು. ಅಷ್ಟೂ ಮನೆಗೆ ನಾನೇ ಹೋಗಿ ಬೇರೆ ಚಿಲಕ ಹಾಕಿ ಬಂದೆ. ತಿದ್ದು ಅದನ್ನ."

"ಆಗಲ್ಲಪ್ಪ. ಅಂಗಡಿಯವರ ಮಾತು ಆಧಾರ ಅಲ್ಲ."

"ನನ್ನ ತಪ್ಪು ನಾನೇ ಒಪ್ಪಿಕೊಂಡ್ರೂ?"

"ಒಪ್ಪಿಕೊಂಡ್ರೂ."

ಅಪ್ಪ ಗಲ್ಲಾಪೆಟ್ಟಿಗೆಯ ಪಕ್ಕದ ಫೋನನ್ನು ಎಳೆದುಕೊಂಡರು.

"ಆ ಪೇಪರ್‌ನೋರ ನಂಬರ್ ಹೇಳು. ವರ್ಷ ಅಲ್ಲ, ಆರು ತಿಂಗಳು ಅಂತ ಅವರ ಕೈಲೇ ಬರೆಸ್ತೀನಿ."