ಹೂಬಳ್ಳಿ ಪಟ್ಟಿ ಬಿಚ್ಚುವಾಗ

ಮೂಗಿನ ತುದಿಗೆ ಬಿಳಿ ಪುಡಿ ಬಿತ್ತು, ಸೀನು ಬರುತ್ತಿದೆ, ಬರಬಾರದು, ಏಣಿಯ ಮೇಲೆ ನಿಂತವಳು ಸೀನಬಾರದು — ಬಂದೇಬಿಟ್ಟಿತು, ಏಣಿ ಅಲುಗಿತು, ನಾನು ಬೀಳಲಿಲ್ಲ, ಗೋಡೆಗೂ ಏನೂ ಆಗಲಿಲ್ಲ, ಸದ್ಯ. ಈ ಗೋಡೆ ಕೆಟ್ಟರೆ ನಾನು ತಾಳಲಾರೆ, ತಿಳಿನೇರಳೆ, ಸಿಂಧನೂರಿನ ಬಣ್ಣದಂಗಡಿಯಲ್ಲಿ ಇಡೀ ಮಧ್ಯಾಹ್ನ ಕೂತು ಆರಿಸಿದ್ದು, ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ನಾನಾಗಿ ಆರಿಸಿದ್ದು ಇದೊಂದೇ, ಉಳಿದದ್ದೆಲ್ಲ ಅತ್ತೆಯದು, ಪಾತ್ರೆ, ಮಂಚ, ಪರದೆ, ಗಂಡ — ನಗು ಬರುತ್ತದೆ, ಹೌದಲ್ಲ, ಗಂಡನೂ. ಛಾವಣಿಯಂಚಿನ ಈ ಹೂಬಳ್ಳಿ ಪಟ್ಟಿಯೂ ಅವರದೇ, ಮಸ್ಕಿಯ ತಮ್ಮನ ಮನೆಯಲ್ಲಿ ನೋಡಿ ಬಂದು ನಮಗೂ ಬೇಕೆಂದು ಹಟ ಹಿಡಿದು ನಾನು ಈ ಮನೆಗೆ ಬರುವ ಮೊದಲೇ ಕೂಡಿಸಿದ್ದು, ಆಗಲೇ ಕೆಳಗಿನ ಗೋಡೆಗೆ ಬಿಳಿ ಬಣ್ಣ ಹಚ್ಚಿಸಿದ್ದು, ಪಿಒಪಿ ಗಾರೆಯ ಬಳ್ಳಿ, ಅಂಗೈಯಗಲ, ನಡುನಡುವೆ ಗುಲಾಬಿ. ಆಮೇಲೆ ನಾನು ಬಂದು ಆ ಬಿಳಿಯ ಮೇಲೆ ಪಟ್ಟಿಯ ಅಂಚಿನವರೆಗೆ ನೇರಳೆ ಹಚ್ಚಿಸಿದೆ, ಅಂದಿನಿಂದ ಅತ್ತೆ ಗುರುಲಿಂಗಮ್ಮನವರಿಗೆ ನನ್ನ ಜೊತೆ ಮಾತಿಲ್ಲ. ಏನಿದ್ದರೂ ಗಾಳಿಗೆ ಹೇಳುವುದು, ಯಾರರ ಚಾ ಕೊಟ್ಟರ ಕುಡೀತೀನಿ, ಯಾರರ ಫ್ಯಾನ್ ಬಂದ್ ಮಾಡ್ರಿ, ಆ ಯಾರೋ ನಾನೇ, ಚಹಾ ಕೊಡುತ್ತೇನೆ, ಫ್ಯಾನ್ ನಿಲ್ಲಿಸುತ್ತೇನೆ.

ಈ ಸಲದ ಮಳೆಗೆ ಛಾವಣಿ ಸೋರಿ ಪಟ್ಟಿ ಹೊಟ್ಟೆ ಬಿಟ್ಟಿದೆ, ಅದೂ ಸರಿಯಾಗಿ ಅವರ ಮಂಚದ ಮೇಲೆ. ನಿನ್ನೆ ಒಂದು ಗುಲಾಬಿ ದಿಂಬಿನ ಪಕ್ಕ ಟಪ್ಪೆಂದು ಬಿತ್ತು, ಅವರು ಅದನ್ನು ಸೆರಗಿನಿಂದ ಒರೆಸಿ ಕಿಟಕಿಯಲ್ಲಿಟ್ಟರು, ರಾತ್ರಿ ಎದ್ದೆದ್ದು ಬಂದು ಪಟ್ಟಿ ನೋಡಿದ್ದು ನಾನು. ನನ್ನ ಗಂಡ ಗುರುಬಸವ ಬೆಳಿಗ್ಗೆ ಲಿಂಗಸುಗೂರಿಗೆ ಹೊರಟು ಬೈಕ್ ಒದೆಯುತ್ತ, ಹಬ್ಬ ಆಗ್ಲಿ ನೋಡೂಣು ಬಿಡು, ಕಿತ್ತರ ಗ್ವಾಡಿ ಸೈತ ಬರ್ತದ ಎಂದ, ನೋಡೋಣ ನೋಡೋಣ ಎನ್ನುತ್ತ ಇಡೀ ಪಟ್ಟಿ ಅವನಮ್ಮನ ತಲೆಯ ಮೇಲೇ ಬಿದ್ದರೆ? ಬೈಕ್ ಮರೆಯಾಗಿದ್ದೇ ತಡ ಏಣಿ ತಂದೆ, ಮಂಚ ಸರಿಸಿದೆ. ಯಾರೋ ನನ್ನ ಹೂಬಳ್ಳಿ ಕೀಳಾಕ ಹೊಂಟಾರ ಎಂದು ಅತ್ತೆ ಗಾಳಿಗೆ ಹೇಳಿ ಬಾಗಿಲಿಗಡ್ಡ ಕೂತರು. ನಾನೂ ಗಾಳಿಗೇ ಹೇಳಿದೆ, ಹೂಬಳ್ಳಿ ಇನ್ನೊಂದು ತರಬೌದು, ಅತ್ತೀನ್ನ ಎಲ್ಲಿಂದ ತರೂದು. ಹೇಳಿ ಏಣಿ ಹತ್ತಿದೆ.

ಗೋಡೆ ಕೆಡದಂತೆ ಬಿಚ್ಚುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕವನು ತೆಲುಗಿನವನು, ಗಡಗಡ ಮಾತಾಡುತ್ತಾನೆ, ನನಗೊಂದು ಅಕ್ಷರ ತಿಳಿಯದು, ಬ್ಲೇಡು ತೋರಿಸುತ್ತಾನೆ, ಗಾರೆ ಮೆತ್ತುವ ಕರಣಿ ತೋರಿಸುತ್ತಾನೆ, ಕಟ್ಟಿಗೆ ತುಂಡು ತೋರಿಸುತ್ತಾನೆ, ಮುಂದೇನು, ಮುಂದೇನು — ಕೆಳಗಿನಿಂದ ದನಿ ಬಂತು, ಮೊದಲ ಅಂಚಿನಗುಂಟ ಬಣ್ಣ ಕೊಯ್ಬೇಕಂತ, ಇಲ್ಲಂದ್ರ ಸಿಪ್ಪಿ ಎದ್ದಂಗ ಎದ್ದು ಬರ್ತದಂತ. ಅತ್ತೆ! ಜವಳಗೇರಾದ ತವರಿನ ಗದ್ದೆಯಲ್ಲಿ ಆಂಧ್ರದಿಂದ ಬಂದು ನೆಲೆಸಿದ ಕ್ಯಾಂಪಿನ ಹೆಂಗಸರ ಜೊತೆ ನಾಟಿ ಹಚ್ಚುತ್ತ ಕಲಿತ ತೆಲುಗು, ಅವರಿಗೆ ಅದು ಬರುತ್ತದೆಂಬುದೇ ನನಗೆ ಮರೆತುಹೋಗಿತ್ತು. ಕೊಯ್ದೆ, ಮೂಲೆಯಿಂದ ಮೂಲೆಗೆ, ಉಸಿರು ಬಿಗಿಹಿಡಿದು. ಇನ್ನೇನಂತಾನ್ರೀ ಅತ್ತಿ? ಸಂದ್ಯಾಗ ಕರಣಿ ತೂರಸ್ಬೇಕಂತ, ಗ್ವಾಡಿಗಿ ಹೊಡತ ಬೀಳದಂಗ ನಡುವ ಕಟಿಗಿ ಇಡ್ಬೇಕಂತ, ನಿದಾನಂಗಾ ನಿದಾನಂಗಾ ಅನ್ನಾಕತ್ತಾನ, ಏಯ್ ರಾಜಶ್ರೀ, ನಿನಗ ಹೇಳಾಕತ್ತೀನಿ, ಕೇಳಿಸ್ತೇನು? ನಿನಗ ಅಂದರು, ಹೆಸರು ಹಿಡಿದರು, ಏಣಿಯ ಮೇಲಿದ್ದೇನೆ, ಇಲ್ಲದಿದ್ದರೆ ಕುಣಿಯುತ್ತಿದ್ದೆ. ಕರಣಿ ಒತ್ತಿದೆ, ಕರ್ ಎಂದಿತು, ಇನ್ನೂ ಒಂಚೂರು, ಪಟ್ಟಿ ಬಾಗಿತು, ತೂಗಿತು, ಅಯ್ಯೋ — ಹಿಡಿದೀನಿ ಬಿಡು ಎಂದರು ಅತ್ತೆ, ಯಾವಾಗಲೋ ಎದ್ದು ಬಂದು ಎರಡೂ ಕೈ ಮೇಲೆತ್ತಿ ನಿಂತಿದ್ದಾರೆ, ಮುಖಕ್ಕೆಲ್ಲ ಪುಡಿ, ವಿಭೂತಿ ಬಳಿದ ಹಾಗೆ. ಇಬ್ಬರೂ ಸೇರಿ ಇಳಿಸಿದೆವು, ಮುರಿಯದೆ ಬಂದ ಉದ್ದನೆಯ ಬಳ್ಳಿಯನ್ನು ಮಂಚದ ಮೇಲೆ ಕೂಸನ್ನು ಮಲಗಿಸಿದ ಹಾಗೆ ಮಲಗಿಸಿದೆವು.

ತಲೆ ಎತ್ತಿದೆ, ನನ್ನ ನೇರಳೆ ಹಾಗೇ ಇದೆ, ಒಂದು ಗೀರೂ ಇಲ್ಲ, ಅದರ ಮೇಲೆ ಪಟ್ಟಿಯಿದ್ದಲ್ಲಿ ಇದೇನು, ಅಲ್ಲಲ್ಲಿ ಬಿಳಿ ಹಕ್ಕಳೆ, ಹಕ್ಕಳೆಗಳ ನಡುವೆ ಗಿಳಿಹಸಿರು, ಗೋಡೆಯುದ್ದಕ್ಕೂ ಗಿಳಿಹಸಿರು. ಅದು ನಾ ಹಚ್ಚಿದ್ದು ಎಂದರು ಅತ್ತೆ, ದನಿ ಸಣ್ಣಗಾಗಿತ್ತು, ಮದುವ್ಯಾಗಿ ಬಂದ ವರ್ಸ, ನಮ್ಮತ್ತಿ ಬಿಳಿ ಸುಣ್ಣನ ಸಾಕಂದ್ಲು, ನಾ ಹಸರ ಕಲಸಿ ಹಚ್ಚೇಬಿಟ್ಟೆ, ಆಕಿ ಸಿಟ್ಟಾಗಿ ದೀಪಾವಳಿತನಕ ಮಾತಾಡ್ಲಿಲ್ಲ ನೋಡು. ಹೇಳುತ್ತ ಹೇಳುತ್ತ ತಾವೇ ನಕ್ಕರು, ನಾನು ಏಣಿ ಹಿಡಿದು ನಕ್ಕೆ, ನಕ್ಕು ನಕ್ಕು ಇಬ್ಬರಿಗೂ ಕೆಮ್ಮು. ಉಳಿದ ನೇರಳೆ ಡಬ್ಬಿ ಅಟ್ಟದ ಮೇಲಿದೆ, ಎರಡು ಸಲ ಕುಂಚ ಎಳೆದರೆ ಮುಚ್ಚಿಹೋಗುತ್ತದೆ, ಅಳಸ್ತೀಯೇನು ಎಂದು ಅತ್ತೆ ಕೇಳಿದರು, ಗಾಳಿಯನ್ನಲ್ಲ, ನನ್ನನ್ನು, ಇರ್ಲಿ ಬಿಡ್ರಿ ಅತ್ತಿ ಎಂದೆ, ಸಂಜೆ ಗುರುಬಸವ ಬಂದು ಇದೇನು ಅಂದರೆ, ಅಂದರೆ ಏನಂತೆ, ಅನ್ನಲಿ — ಕಣ್ಣು ಅಲ್ಲಿಂದ ಕೀಳಲಾಗುತ್ತಿಲ್ಲ, ನೇರಳೆಯ ನೆತ್ತಿಯ ಮೇಲೆ ಗಿಳಿಹಸಿರು, ಕಿಟಕಿಯಿಂದ ಒಳಬಂದ ಬೆಳಕಿನಲ್ಲಿ ಇನ್ನೂ ಹಸಿ ಇರುವಂತೆ, ಗಿಳಿಹಸಿರು.