ನಲವತ್ತು ನಿಮಿಷದ ದಾರಿ

ಮನೆ ಕೊಳ್ಳುವ ಮಾತು ಬಂದಾಗಲೆಲ್ಲ ಡ್ರೈವರಜ್ಜನ ಬಾಯಿಂದ ಬರುತ್ತಿದ್ದುದು ಒಂದೇ ಮಾತು: ನಲವತ್ತು ನಿಮಿಷ. ನೀರಿನ ಟ್ಯಾಂಕಿನ ಬಡಾವಣೆಯಿಂದ ದೊಡ್ಡಾಸ್ಪತ್ರೆಯ ಗೇಟಿಗೆ ನಲವತ್ತು ನಿಮಿಷ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆ ದಾರಿಯಲ್ಲಿ ಅವರು ಹತ್ತೊಂಬತ್ತು ವರ್ಷ ಬಸ್ಸು ಓಡಿಸಿದ್ದರು. ಎಲ್ಲಿ ಗುಂಡಿ, ಎಲ್ಲಿ ಉಬ್ಬು, ಯಾವ ತಿರುವಿನಲ್ಲಿ ಹಾಲಿನ ವ್ಯಾನು ಅಡ್ಡ ಬರುತ್ತದೆ ಎಂಬುದೆಲ್ಲ ಅವರ ಪಾದಗಳಿಗೇ ಗೊತ್ತಿತ್ತು. ಅಂಥವರು ಹೇಳಿದ ಮೇಲೆ ಮನೆಯಲ್ಲಿ ಎರಡು ಮಾತಿರಲಿಲ್ಲ.

ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಅವರಿದ್ದುದು ಎರಡು ಕೋಣೆಯ ಬಾಡಿಗೆ ಮನೆ. ಮೂರು ತಿಂಗಳಲ್ಲಿ ಬಿಟ್ಟುಕೊಡಿ ಎಂದು ಮಾಲೀಕರು ಹೇಳಿಯಾಗಿತ್ತು. ಊರೊಳಗೆ ಮನೆ ಕೊಳ್ಳುವುದು ಕನಸಿನ ಮಾತು. ಹೊರಗಿನ ಬಡಾವಣೆಗಳಲ್ಲೇ ಹುಡುಕಬೇಕು. ಮಗ ಲಿಫ್ಟ್ ರಿಪೇರಿ ಮಾಡುವವನು. ಯಾವ ಕಟ್ಟಡದಲ್ಲಿ ಯಾರು ಸಿಕ್ಕಿಕೊಂಡಿದ್ದಾರೆಂದು ಯಾವ ಹೊತ್ತಿನಲ್ಲಿ ಕರೆ ಬರುವುದೋ, ಸಾಮಾನಿನ ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿಗೆ ಬಿಗಿದು ಓಡುತ್ತಿದ್ದ. ಅವನಿಗೆ ಎಲ್ಲ ಬಡಾವಣೆಯೂ ಒಂದೇ. ದೂರವೆಂಬುದು ಇದ್ದದ್ದು ಸೊಸೆಯೊಬ್ಬಳಿಗೆ.

ಸೊಸೆ ಆಸ್ಪತ್ರೆಯ ರಕ್ತ ಪರೀಕ್ಷೆಯ ವಿಭಾಗದಲ್ಲಿದ್ದಳು. ಬಾಗಿಲ ಕೀಲಿ ಅವಳ ಕೈಯಲ್ಲೇ. ಬೆಳಿಗ್ಗೆ ಏಳಕ್ಕೆ ತೆರೆಯಬೇಕು. ರಾತ್ರಿಯಿಂದ ಏನೂ ತಿನ್ನದೆ ಬಂದವರು ಅಷ್ಟು ಹೊತ್ತಿಗಾಗಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅವಳು ಹತ್ತು ನಿಮಿಷ ತಡ ಮಾಡಿದರೆ ಮೂವತ್ತು ಹೊಟ್ಟೆಗಳು ಹತ್ತು ನಿಮಿಷ ಹೆಚ್ಚು ಸುಡುತ್ತಿದ್ದವು. ಆ ಬೆಳಗಿನ ಪಾಳಿಯನ್ನು ಅವಳು ಐದು ವರ್ಷದಿಂದ ಹಲ್ಲು ಕಚ್ಚಿ ಉಳಿಸಿಕೊಂಡದ್ದಕ್ಕೆ ಕಾರಣವಿತ್ತು. ಬೆಳಗಿನ ಪಾಳಿಯವರು ಮೂರು ಗಂಟೆಗೆ ಮನೆ ಸೇರಬಹುದು. ಮಗಳು ಶಾಲೆಯಿಂದ ಬರುವುದೂ ಮೂರಕ್ಕೇ.

ಎರಡು ಮನೆ ನೋಡಿದ್ದರು. ಒಂದು ರೈಲು ನಿಲ್ದಾಣದ ಪಕ್ಕದ ಬಡಾವಣೆಯಲ್ಲಿ, ಮಹಡಿಯ ಮೇಲೆ. ರೈಲು ಹೋದಾಗ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ಅಡುಗೆಮನೆಯಿಂದ ಕಾಣುತ್ತಿದ್ದುದು ಸೈಕಲ್ ನಿಲ್ಲಿಸುವ ಶೆಡ್ಡಿನ ತಗಡು. ಇನ್ನೊಂದು ನೀರಿನ ಟ್ಯಾಂಕಿನ ಬಡಾವಣೆಯದು. ಅಗಲವಾದ ಬೀದಿ, ಮುಂದೆ ಪುಟ್ಟ ಅಂಗಳ, ಅಜ್ಜನಿಗೆಂದೇ ಕೆಳಗಿನ ಕೋಣೆ. ಜೊತೆಗೆ ಯಾರೂ ಎದುರಾಡಲಾಗದ ಮಾತೊಂದಿತ್ತು. ಹನ್ನೊಂದು ತಿಂಗಳ ಹಿಂದೆ ತೀರಿಕೊಂಡ ಅಜ್ಜಿ ಗಂಡನ ಬಸ್ಸಿನಲ್ಲಿ ಕೂತು ಆ ಬಡಾವಣೆ ದಾಟುವಾಗಲೆಲ್ಲ, "ಇಲ್ಲೊಂದು ಮನೆ ಮಾಡ್ಕೊಳ್ಳೋಣ ರೀ" ಎನ್ನುತ್ತಿದ್ದರು.

ಹೆಂಡತಿ ಹೋದ ಮೇಲೆ ಅಜ್ಜನ ಬೆಳಗಿನ ಪ್ರಾರ್ಥನೆ ಚಿಕ್ಕದಾಗಿತ್ತು. ಮೊದಲು ನೆಂಟರು, ನೆರೆಯವರು, ದಾರಿಯಲ್ಲಿ ಕಂಡ ಕುಂಟು ನಾಯಿ, ಎಲ್ಲರಿಗಾಗಿಯೂ ಕೇಳಿಕೊಳ್ಳುತ್ತಿದ್ದರು. ಈಗ ಒಂದೇ: "ದೇವರೇ, ಅವಳದೊಂದು ಆಸೆ ತೀರಿಸೋದಕ್ಕೆ ಬಿಡು."

ಟ್ಯಾಂಕಿನ ಬಡಾವಣೆಯ ಮನೆ ನೋಡಿದ ದಿನ ಸೊಸೆ ಚೀಲವನ್ನು ಹೆಗಲಿನಿಂದ ಇಳಿಸದೆ ಬಾಗಿಲಲ್ಲೇ ನಿಂತಿದ್ದಳು.

"ಹೇಗಿದೆಯಮ್ಮ?" ಎಂದು ಅಜ್ಜ ಕೇಳಿದರು.

"ಚೆನ್ನಾಗಿದೆ ಮಾವ. ಅತ್ತೆಗೆ ಇಷ್ಟ ಇದ್ದ ಜಾಗ." ಸ್ವಲ್ಪ ತಡೆದು ಹೇಳಿದಳು, "ಬಸ್ಸಿಗೇನೂ ತೊಂದರೆ ಆಗಲ್ವಲ್ಲ?"

"ನನ್ನನ್ನ ಕೇಳ್ತೀಯಾ? ನಲವತ್ತು ನಿಮಿಷ. ಕಣ್ಣು ಮುಚ್ಚಿ ಓಡಿಸಿದ್ದೀನಿ."

"ಕಣ್ಣು ತೆರೆದುಕೊಂಡಿದ್ರೆ ಎಷ್ಟಾಗ್ತಿತ್ತಪ್ಪ?" ಎಂದ ಮಗ. ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು, ಚೀಲ ಮಾತ್ರ ಹೆಗಲಿನಲ್ಲೇ ಇತ್ತು. ಶುಕ್ರವಾರ ಬಂದು ಕರಾರಿಗೆ ಸಹಿ ಹಾಕುತ್ತೇವೆಂದು ಮನೆಯೊಡತಿಗೆ ಮಾತು ಕೊಟ್ಟು ಹಿಂದಿರುಗಿದರು.

ಸೊಸೆಗೊಂದು ಉಪಕಾರ ಮಾಡೋಣವೆಂದು ಅಜ್ಜನಿಗೆ ಅನ್ನಿಸಿದ್ದು ಆಮೇಲೆ. ಯಾವ ಬಸ್ಸು ಎಷ್ಟಕ್ಕೆ, ಎಲ್ಲಿ ಇಳಿಯಬೇಕು ಎಂದು ಒಂದು ರಟ್ಟಿನ ಮೇಲೆ ದುಂಡಗೆ ಬರೆದುಕೊಡಬೇಕು, ಹಳೆಯ ವೇಳೆಗಳು ಬದಲಾಗಿರಬಹುದು, ಒಮ್ಮೆ ಹೋಗಿ ನೋಡಿ ಬಂದರಾಯಿತು. ಮಂಗಳವಾರ ಬೆಳಗಿನ ಐದೂವರೆಗೆ ಮಗನಿಗೆ ಆ ಕಡೆಯ ಕಟ್ಟಡವೊಂದರಿಂದ ಕರೆ ಬಂತು. ಅಜ್ಜ ಅಂಗಿಯ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಮೋಟಾರ್ ಸೈಕಲ್ಲಿನ ಹಿಂದೆ ಕೂತರು.

ಐದು ಐವತ್ತಕ್ಕೆ ಟ್ಯಾಂಕಿನ ಸ್ಟಾಪಿನಲ್ಲಿ ನಿಂತಾಗ ಅಲ್ಲಾಗಲೇ ಹತ್ತು ಹದಿನೈದು ಜನರಿದ್ದರು. ಹೋಟೆಲಿನಲ್ಲಿ ಬಟ್ಟೆ ಒಗೆಯುವ ಒಬ್ಬ ಹೆಂಗಸು ಬುತ್ತಿಚೀಲ ತಬ್ಬಿಕೊಂಡು ಕಂಬಕ್ಕೆ ಒರಗಿದ್ದಳು. ಕಾಲು ಗಂಟೆಯಾದರೂ ಬಸ್ಸಿನ ಸುಳಿವಿಲ್ಲ. ಕೊನೆಗೆ ದೂರದಲ್ಲಿ ದೀಪ ಕಂಡಿತು.

"ಇದು ಐದು ಐವತ್ತೈದರದ್ದೇನಮ್ಮ?" ಎಂದು ಅಜ್ಜ ಅವಳನ್ನು ಕೇಳಿದರು.

"ಐದು ಐವತ್ತೈದರದ್ದೋ ಆರು ಹತ್ತರದ್ದೋ, ಅದನ್ನ ಹೆತ್ತೋರಿಗೇ ಗೊತ್ತು."

ಬಸ್ಸು ನಿಲ್ಲಲಿಲ್ಲ. ಬಾಗಿಲಲ್ಲಿ ಜನ ಜೋತು ಬಿದ್ದಿದ್ದರು. ಡ್ರೈವರ್ ಕಿಟಕಿಯಿಂದ ಕೈ ಹೊರಹಾಕಿ ಹೆಬ್ಬೆರಳನ್ನು ಹಿಂದಕ್ಕೆ ತೋರಿಸಿ ಹೊರಟೇಹೋದ.

"ಹಿಂದೆ ಇನ್ನೊಂದು ಬರ್ತಿದೆ ಅಂತ ಅರ್ಥ," ಎಂದರು ಅಜ್ಜ, ಗೊತ್ತಿದ್ದವರ ಧಾಟಿಯಲ್ಲಿ.

"ದಿನಾ ತೋರಿಸ್ತಾರೆ. ಹಿಂದೆ ಬರೋದು ಧೂಳು." ಹೆಂಗಸು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಮಗೆ ಹೇಗೆ ಗೊತ್ತು? ನೀವೇನು ಕೆಲಸದಲ್ಲಿದ್ರಿ ಅಜ್ಜ?"

"ಡ್ರೈವರ್ ಆಗಿದ್ದೆ. ಇದೇ ರೂಟು."

"ಮೆಲ್ಲಗೆ ಹೇಳಿ. ಇವರ ಕಿವಿಗೆ ಬಿದ್ರೆ ಮುಂದಿನ ಬಸ್ಸಿನ ಕೆಳಗೆ ತಳ್ಳಿಬಿಟ್ಟಾರು."

ಅಜ್ಜ ನಗಲು ಹೋದರು. ಕಣ್ಣು ದೂರವಾಗುತ್ತಿದ್ದ ಬಸ್ಸಿನ ಮೇಲೆಯೇ ಇತ್ತು. ಆ ಹೆಬ್ಬೆರಳು ಅವರದೇ ಹೆಬ್ಬೆರಳು. ಬಸ್ಸು ತುಂಬಿದಾಗ ಅವರೂ ಹಾಗೆಯೇ ತೋರಿಸಿ ಹೋಗುತ್ತಿದ್ದರು. ಹಿಂದೆ ಇನ್ನೊಂದು ಇದೆಯೋ ಇಲ್ಲವೋ ಅವರಿಗೂ ಗೊತ್ತಿರುತ್ತಿರಲಿಲ್ಲ. ಜನ ಸುಮ್ಮನಾಗಲಿ ಎಂದು ಎಲ್ಲ ಡ್ರೈವರುಗಳೂ ಮಾಡುತ್ತಿದ್ದುದು ಅದನ್ನೇ.

ಆರೂ ಇಪ್ಪತ್ತಕ್ಕೆ ಇನ್ನೊಂದು ಬಸ್ಸು, ಮತ್ತೊಂದು ಹೆಬ್ಬೆರಳು. ಅಜ್ಜನ ಮಂಡಿ ನೋಯತೊಡಗಿತು. ಕೂರಲು ಜಾಗವಿರಲಿಲ್ಲ. ಆಗ ಅವರಿಗೆ ಹೊಳೆದ ಸಂಗತಿ ಎಷ್ಟು ಸಣ್ಣದೆಂದರೆ, ಎಪ್ಪತ್ತೊಂದು ವರ್ಷದವನಿಗೆ ಇದು ಇಂದು ಹೊಳೆಯಬೇಕೇ ಎಂದು ಅವರಿಗೇ ನಾಚಿಕೆಯಾಯಿತು. ಅವರು ಜನ್ಮದಲ್ಲಿ ಬಸ್ಸಿಗಾಗಿ ಕಾದವರೇ ಅಲ್ಲ. ಆಗ ಡಿಪೋದ ಪಕ್ಕದಲ್ಲೇ ಮನೆ. ನಡೆದು ಹೋಗುವುದು, ಸೀಟಿನಲ್ಲಿ ಕೂರುವುದು, ಕೀಲಿ ತಿರುಗಿಸುವುದು. ಅವರ ದಾರಿ ಶುರುವಾಗುತ್ತಿದ್ದುದು ಚಕ್ರ ಉರುಳಿದಾಗ. ನಲವತ್ತು ನಿಮಿಷವೆಂದರೆ ಸ್ಟಿಯರಿಂಗಿನ ಹಿಂದೆ ಕೂತವನ ನಲವತ್ತು ನಿಮಿಷ.

ಅದರ ಬೆನ್ನಿಗೇ ಇನ್ನೊಂದು ನೆನಪು ಬಂತು. ಹೆಂಡತಿ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಸಂಜೆ ಮನೆಗೆ ಹೋಗಲು ಅವರದೇ ಬಸ್ಸು ಹತ್ತುತ್ತಿದ್ದಳು. "ತುಂಬ ಹೊತ್ತಾಯ್ತಾ?" ಎಂದರೆ, "ಇಲ್ಲಪ್ಪ, ಈಗ ತಾನೇ ಬಂದೆ" ಎನ್ನುತ್ತ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ನನ್ನ ಹೆಂಡತಿ ಗಡಿಯಾರ ನುಂಗಿದ್ದಾಳೆ ಕಣಯ್ಯ, ನನ್ನ ಬಸ್ಸು ಬರೋದಕ್ಕೂ ಅವಳು ಬರೋದಕ್ಕೂ ಸರಿಹೋಗುತ್ತೆ ಎಂದು ಅವರು ಕಂಡಕ್ಟರನ ಮುಂದೆ ಜಂಬ ಕೊಚ್ಚುತ್ತಿದ್ದರು. ಅಂಗಡಿ ಮುಚ್ಚುತ್ತಿದ್ದುದು ನಾಲ್ಕಕ್ಕೆ. ಅವರ ಬಸ್ಸು ಅಲ್ಲಿಗೆ ಬರುತ್ತಿದ್ದುದು ಐದಕ್ಕೆ ಹತ್ತು ನಿಮಿಷವಿದ್ದಾಗ. ಇಷ್ಟು ವರ್ಷ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಲಿಲ್ಲ.

"ಅಜ್ಜ, ಕಣ್ಣಿಗೆ ಧೂಳು ಹೋಯ್ತಾ?" ಎಂದಳು ಆ ಹೆಂಗಸು, ಈಗ ಸ್ವಲ್ಪ ಮೆತ್ತಗೆ.

"ಹೂಂ ತಾಯಿ."

ಆರೂ ಮುಕ್ಕಾಲಿಗೆ ಬಂದ ಬಸ್ಸಿಗೆ ಅವಳೇ ಅವರ ತೋಳು ಹಿಡಿದು ಹತ್ತಿಸಿದಳು. ಬಸ್ಸು ಹೊರಟ ಮೇಲೆ ದಾರಿ ಹಿಡಿದದ್ದು ಸರಿಯಾಗಿ ನಲವತ್ತು ನಿಮಿಷ. ಅಜ್ಜನ ಮಾತು ಅಷ್ಟರಮಟ್ಟಿಗೆ ನಿಜವಾಯಿತು.

ಆಸ್ಪತ್ರೆ ಸೇರಿದಾಗ ಏಳು ಇಪ್ಪತ್ತೈದು. ಪರೀಕ್ಷೆಯ ಕೋಣೆಯ ಬಾಗಿಲು ಎಂದಿನಂತೆ ತೆರೆದಿತ್ತು. ಸೊಸೆ ಮುದುಕಿಯೊಬ್ಬಳ ತೋಳಿಗೆ ಪಟ್ಟಿ ಬಿಗಿದು, "ಮುಷ್ಟಿ ಕಟ್ಟಿ ಅಮ್ಮ, ಆ ಕಡೆ ನೋಡಿ" ಎನ್ನುತ್ತಿದ್ದಳು. ಅಜ್ಜ ಒಳಗೆ ಹೋಗದೆ ಸಾಲಿನ ಕೊನೆಯ ಬೆಂಚಿನ ಮೇಲೆ ಕೂತು, ಕಣ್ಣು ಮುಚ್ಚಿ, ದೇವರಲ್ಲಿ ಕೇಳಿದ್ದನ್ನು ಹಿಂದಕ್ಕೆ ತೆಗೆದುಕೊಂಡರು. ಬಹಳ ಮಾತು ಬೇಕಾಗಲಿಲ್ಲ.

ಹತ್ತು ಗಂಟೆಗೆ ಸಾಲು ಕರಗಿತು. ಸೊಸೆ ಕೈ ತೊಳೆದು ಹೊರಗೆ ಬಂದವಳು ಅವರನ್ನು ಕಂಡು ಗಾಬರಿಯಾದಳು.

"ಮಾವ, ಏನಾಯ್ತು? ಎದೆನೋವಾ?"

"ಏನೂ ಇಲ್ಲ, ಕೂತ್ಕೋ. ಆ ಮನೆ ಬೇಡ."

"ಯಾವ ಮನೆ?"

"ಟ್ಯಾಂಕಿನ ಹತ್ತಿರದ್ದು. ಇವತ್ತು ನಾನು ಅಲ್ಲಿಂದ ಬಂದೆ. ಅಲ್ಲಿಂದ ಬಂದಿದ್ರೆ ನೀನು ಬಾಗಿಲು ತೆಗೀತಿದ್ದಿದ್ದು ಏಳೂವರೆಗೆ. ನಾನು ಹೇಳಿದ್ದು ಬಸ್ಸಿಗೆ ಎಷ್ಟು ಹೊತ್ತು ಅಂತ. ನಿನಗೆ ಎಷ್ಟು ಹೊತ್ತು ಅಂತ ಅಲ್ಲ."

ಸೊಸೆ ತಲೆ ತಗ್ಗಿಸಿದಳು. "ಅತ್ತೆಯ ಆಸೆ ಅದು ಮಾವ."

"ಅವಳ ಆಸೆ ಇರಬಹುದು. ಅವಳು ಅಲ್ಲಿ ಬಸ್ಸಿಗೆ ಕಾಯಬೇಕಾಗಿರ್ಲಿಲ್ಲ. ನಿನ್ನ ಮಾತು ಹೇಳು."

ಅವಳು ಬಟ್ಟೆಗೆ ಅಂಟಿದ್ದ ಹತ್ತಿಯ ಎಳೆಯನ್ನು ಬಿಡಿಸುತ್ತ ಕೂತಳು. ಆಮೇಲೆ, "ಬೈಯಬಾರದು," ಎಂದಳು. "ನನಗೆ ಮೊದಲೇ ಗೊತ್ತಿತ್ತು. ಇಲ್ಲಿ ಕಸ ಗುಡಿಸೋಳು ಆ ಕಡೆಯಿಂದಲೇ ಬರ್ತಾಳೆ, ಎಲ್ಲ ಹೇಳಿದ್ಳು. ಮಧ್ಯಾಹ್ನದ ಪಾಳಿ ಕೊಡಿ ಅಂತ ಬರೆದುಕೊಟ್ಟಿದ್ದೀನಿ. ಎರಡರಿಂದ ಹತ್ತು."

"ಹಾಗಾದ್ರೆ ಮಗು?"

"ಮಲಗಿದ್ಮೇಲೆ ನೋಡೋದು." ಬಿಡಿಸಿದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. "ಇನ್ನೇನು ಮಾಡ್ಲಿ? ನೀವು ಹನ್ನೊಂದು ತಿಂಗಳಿಂದ ಏನನ್ನೂ ಕೇಳಿರ್ಲಿಲ್ಲ. ಕೇಳಿದ್ದು ಇದೊಂದೇ."

ಅಜ್ಜನಿಗೆ ಈ ಮನೆಯ ಹೆಂಗಸರು ತನಗೆ ಎಷ್ಟು ಜೋಪಾನವಾಗಿ ಮೋಸ ಮಾಡುತ್ತ ಬಂದಿದ್ದಾರೆ ಎನ್ನಿಸಿತು.

"ಆ ಕಾಗದ ಈಗ ಎಲ್ಲಿದೆ?"

"ಮೇಲಿನವರ ಮೇಜಿನ ಮೇಲೆ. ಅವರು ರಜೆಯಲ್ಲಿದ್ದಾರೆ, ನಾಳೆ ಬರ್ತಾರೆ."

"ಹೋಗು, ಈಗಲೇ ತಗೊಂಡು ಬಾ. ನಾನಿಲ್ಲೇ ಕೂತಿರ್ತೀನಿ."

ಅವಳು ಬಿರಬಿರನೆ ಹೋದಳು. ಐದು ನಿಮಿಷದಲ್ಲಿ ಮಡಿಸಿದ ಕಾಗದವನ್ನು ಕೈಯಲ್ಲಿ ಹಿಡಿದು ಬಂದಾಗ ಅವಳ ಮುಖ ಬೇರೆಯಾಗಿತ್ತು. ಜ್ವರ ಬಿಟ್ಟವರ ಮುಖದ ಹಾಗಿತ್ತು. ಅಜ್ಜನ ಎದೆಯ ಮೇಲಿಂದಲೂ ದೊಡ್ಡ ಭಾರ ಇಳಿಯಿತು. ದುಃಖ ಹೋಯಿತೆಂದಲ್ಲ, ಅದು ತನ್ನ ಜಾಗದಲ್ಲಿ ಕೂತಿತ್ತು, ಇನ್ನೊಬ್ಬರ ಹೆಗಲು ಏರುವುದು ತಪ್ಪಿತ್ತು.

ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು ಮಗನಿಗೆ ಸರಿಬರಲಿಲ್ಲ. "ನಾನಂತೂ ಫೋನ್ ಮಾಡಲ್ಲ, ನಿಮ್ಮ ನಲವತ್ತು ನಿಮಿಷ, ನೀವೇ ಮಾತಾಡಿ" ಎಂದ. ಅಜ್ಜನೇ ಟ್ಯಾಂಕಿನ ಮನೆಯೊಡತಿಗೆ ಫೋನ್ ಮಾಡಿ, ತಪ್ಪು ನನ್ನದು ಎಂದು ಒಪ್ಪಿಕೊಂಡರು. ಆಕೆ, ನಿನ್ನೆಯಷ್ಟೇ ಪಕ್ಕದ ಬೀದಿಯ ಶಾಲೆಯ ಮೇಡಂ ಒಬ್ಬರು ಬಂದು ಕೇಳಿದ್ದರು, ನಿಮಗೆ ಹೇಗೆ ಇಲ್ಲವೆನ್ನುವುದೆಂದು ನನಗೇ ನಿದ್ದೆ ಬಂದಿರಲಿಲ್ಲ ಎಂದರು. ಆ ಮೇಡಂ ಶಾಲೆಗೆ ನಡೆದೇ ಹೋಗುತ್ತಾರಂತೆ.

ಗುರುವಾರ ಸೊಸೆ ರಜೆ ಹಾಕಿದಳು. ಇಬ್ಬರೂ ರೈಲು ನಿಲ್ದಾಣದ ಬಡಾವಣೆಗೆ ಹೋಗಿ, ಮಹಡಿಯ ಮನೆಯ ಬಾಗಿಲಿಂದಲೇ ಕೈಗಡಿಯಾರ ನೋಡಿಕೊಂಡು ಹೊರಟರು. ನಿಲ್ದಾಣಕ್ಕೆ ನಡಿಗೆ ಆರು ನಿಮಿಷ. ರೈಲಿಗೆ ಕಾದದ್ದು ಒಂಬತ್ತು. ಅಜ್ಜ ರಟ್ಟಿನ ಮೇಲೆ ಅದನ್ನೇ ಮೊದಲು ಬರೆದರು. ರೈಲಿನಲ್ಲಿ ಹತ್ತೊಂಬತ್ತು, ಇಳಿದು ಆಸ್ಪತ್ರೆಯ ಬಾಗಿಲಿಗೆ ಏಳು. ಒಂದು ರೈಲು ತಪ್ಪಿದರೂ ಹನ್ನೆರಡು ನಿಮಿಷಕ್ಕೆ ಮತ್ತೊಂದು. ಅಲ್ಲಿಂದ ಮತ್ತೆ ಆ ಮಹಡಿಯ ಮನೆಗೆ ಮರಳಿದಾಗ ಬ್ರೋಕರ್ ಕೀಲಿ ಹಿಡಿದು ಕಾಯುತ್ತಿದ್ದ, ಮಗನೂ ಬಂದಿದ್ದ.

ಸೊಸೆ ಚೀಲವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕಪಾಟುಗಳನ್ನು ಒಂದೊಂದಾಗಿ ತೆರೆದು ಮೂಸಿ ನೋಡಿದಳು. ನಲ್ಲಿ ತಿರುಗಿಸಿದಳು. "ಈ ಸಿಂಕು ಸೋರುತ್ತೆ. ಇದನ್ನ ನೀವೇ ಸರಿ ಮಾಡಿಸಿಕೊಡಬೇಕು," ಎಂದು ಬ್ರೋಕರನಿಗೆ ಹೇಳಿದಳು. ಅವನು ತಲೆ ಕೆರೆದುಕೊಂಡ.

ಅಜ್ಜ ಹಳಿಯ ಕಡೆಯ ಚಿಕ್ಕ ಕೋಣೆಯಲ್ಲಿ ನಿಂತು, "ನನಗೆ ಇದು ಸಾಕಮ್ಮ," ಎಂದರು. "ರೈಲಿನ ಸದ್ದು ಏನೂ ಮಾಡಲ್ಲ. ಇಂಜಿನ್ನಿನ ಸದ್ದಿಲ್ಲದಿದ್ರೇ ನನಗೆ ನಿದ್ದೆ ಬರೋದಿಲ್ಲ."

"ಬೇಡ ಮಾವ."

"ಯಾಕೆ? ಚೆನ್ನಾಗೇ ಇದೆ."

"ಬೇಡ ಅಂದೆ. ಇಲ್ಲಿ ಬೆಳಕಿಲ್ಲ. ನೀವು ಬೆಳಿಗ್ಗೆ ಪ್ರಾರ್ಥನೆಗೆ ಕೂತ್ರೆ ಪುಸ್ತಕ ಕಾಣಲ್ಲ. ನೀವು ಆ ಪೂರ್ವದ ಕೋಣೆಗೆ. ಇಲ್ಲಿ ನಿಮ್ಮ ಮಗನ ಸಾಮಾನಿನ ಪೆಟ್ಟಿಗೆಗಳಿರಲಿ."

"ನನ್ನನ್ನೂ ಒಂದು ಮಾತು ಕೇಳಬಹುದಿತ್ತು," ಎಂದ ಮಗ.

"ನಿಮ್ಮನ್ನ ಕೇಳೋದೇನು, ನೀವು ಮನೇಲಿದ್ರೆ ತಾನೆ?"

ಮದುವೆಯಾಗಿ ಬಂದಾಗಿನಿಂದ ಸೊಸೆ ತನ್ನ ಮಾತಿಗೆ ಬೇಡವೆಂದದ್ದು ಇದೇ ಮೊದಲು ಎಂಬುದನ್ನು ಅಜ್ಜ ಗಮನಿಸಿದರು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಇನ್ನೊಮ್ಮೆ ಕೇಳಲೆಂದೇ, "ಮಂಚ ಕಿಟಕಿಯ ಕೆಳಗೆ ಹಾಕೋಣ್ವಾ?" ಎಂದರು.

"ಬೇಡ, ಥಂಡಿ ಹೊಡೆಯುತ್ತೆ. ಇಲ್ಲಿ ಬನ್ನಿ, ಇದನ್ನ ಹಿಡ್ಕೊಳ್ಳಿ."

ಅವಳು ಅಳತೆಯ ಟೇಪನ್ನು ಬಿಚ್ಚಿದಳು. ಅಜ್ಜ ಅದರ ತುದಿ ಹಿಡಿದು, ಅವಳು ತೋರಿಸಿದ ಮೂಲೆಯಲ್ಲಿ ಹೋಗಿ ನಿಂತರು.